ಸೆಕೊಂಡಿಯಲ್ಲಿ ಓಡದ ಮಣಿ

ಬೋಲ್ಗಾತಂಗಾ,
ಹುಡುಗಿಯರ ಹಾಸ್ಟೆಲ್
11 ಜನವರಿ 1997

ಸ್ವಸ್ತಿ! ಸಮಸ್ತ ದಗಾಬಾ ಕುಲಕ್ಕೆ ಕಿರೀಟಪ್ರಾಯಳೂ, ಕದ್ದ ಕಡಲೆಕಾಯಿಯ ಏಕಚ್ಛತ್ರಾಧಿಪತಿಯೂ, ಗೊರಕೆಯಲ್ಲಿ ಗಿನಿಕೋಳಿಗಳ ಹಿಂಡನ್ನೇ ಸೋಲಿಸಿದ ಮಹಾಶೂರಳೂ, ಹುಟ್ಟಿನಿಂದಲೇ ಫ್ರಾಫ್ರಾ ಜನರ ಅಡಿಯಾಳೂ ಆದ ಕುಮಾರಿ ಆಯುವೊ ಅವರ ದಿವ್ಯಸನ್ನಿಧಿಗೆ, ಅವಳ ಒಡತಿಯಾದ ಫ್ರಾಫ್ರಾ ಕುಲದ ಲಮಿಸಿ ಹೊರಡಿಸುವ ಅಪ್ಪಣೆ ಏನೆಂದರೆ:

ಬದುಕಿದ್ದೀಯೇನೇ?

ಇಲ್ಲಿ ಒಣಗಾಳಿ ಜೋರಾಗಿದೆ. ಎದುರು ಮನೆ ಕಾಣದಷ್ಟು ದೂಳು. ಶಿಯಾ ಬೆಣ್ಣೆ ಎಷ್ಟು ಬಳಿದರೂ ತುಟಿ ಒಡೆದು, ನಗುವುದಕ್ಕೂ ಯೋಚನೆ ಮಾಡಬೇಕಾಗಿದೆ. ನೈಲಾನ್ ಲಂಗ ಬಿಚ್ಚಿದರೆ ಚಟಚಟ ಸದ್ದು. ನಿನ್ನೆ ಮೇಟ್ರನ್ ಬಾಗಿಲ ಚಿಲಕ ಮುಟ್ಟಿ, "ಅಯ್ಯಯ್ಯೋ, ಯಾರೋ ನಂಗೆ ಮಾಟ ಮಾಡ್ಸಿದ್ದಾರೆ!" ಎಂದು ಕೂಗಿಕೊಂಡರು. ಬಾಗಿಲ ಮುಂದೆ ಪ್ಲಾಸ್ಟಿಕ್ ಚಾಪೆ ಹಾಸಿದ ಮಾಟಗಾತಿ ಯಾರೆಂದು ನಿನಗೆ ಬೇರೆ ಹೇಳಬೇಕಿಲ್ಲ.

ಇಂಥ ಗಾಳಿಯಲ್ಲಿ ನಮ್ಮ ಮಣಿ ಹೇಗೆ ಓಡುತ್ತಿದೆ ಗೊತ್ತೇ? ಮೇಣದಬತ್ತಿ ತುಂಡುಗಳ ಮೇಲೆ ಎದುರುಬದುರು ನಿಲ್ಲಿಸಿದ ಅದೇ ಎರಡು ಹಾಲಿನ ಡಬ್ಬಿ ಮುಚ್ಚಳಗಳು. ನಡುವೆ ನೈಲಾನ್ ದಾರದಲ್ಲಿ ತೂಗುಬಿಟ್ಟ, ಸಿಗರೇಟಿನ ಬೇಗಡೆ ಸುತ್ತಿದ ಅದೇ ಜೋಳದ ದಂಟಿನ ಬೆಂಡಿನ ಮಣಿ. ನಿಮ್ಮಪ್ಪನ ಹಳೇ ಉಣ್ಣೆ ಟೋಪಿಯಿಂದ ಪ್ಲಾಸ್ಟಿಕ್ ಪೈಪು ತಿಕ್ಕಿ ಒಂದು ಮುಚ್ಚಳಕ್ಕೆ ಸವರುತ್ತೇನೆ, ಇನ್ನೊಂದನ್ನು ಬೆರಳಲ್ಲಿ ಮುಟ್ಟಿರುತ್ತೇನೆ. ಮಣಿ ಓಡಿಹೋಗಿ ಮೊದಲ ಮುಚ್ಚಳಕ್ಕೆ ಮುತ್ತಿಡುತ್ತದೆ. ಮುಟ್ಟಿದ್ದೇ ತಡ, ಅದರದೇ ವಿದ್ಯುದಂಶ ಹೊತ್ತುಕೊಂಡು ಅದರಿಂದಲೇ ದೂರ ಹಾರುತ್ತದೆ. ಎದುರಿನ ಮುಚ್ಚಳಕ್ಕೆ ಹೊರೆ ಇಳಿಸಿ ಮತ್ತೆ ವಾಪಸು. ಟಿಂಗ್, ಟಿಂಗ್, ಟಿಂಗ್. ಊಟದ ಗಂಟೆಯವರೆಗೆ ನಿಲ್ಲಲಿಲ್ಲ.

ಏಪ್ರಿಲ್‌ನಲ್ಲಿ ಅಕ್ರಾದಲ್ಲಿ ಶಾಲೆಗಳ ವಿಜ್ಞಾನ ಪ್ರದರ್ಶನ. ಅತುಬಿಗಾ ಮೇಷ್ಟ್ರು ಎರಡು ಹೆಸರು ಕೇಳಿದರು. "ನನ್ನ ಜೊತೆಗಾತಿ ಬರ್ತಾಳೆ ಸಾರ್" ಅಂದೆ. "ಅವಳಪ್ಪನಿಗೆ ಸೆಕೊಂಡಿ ಜೈಲಿಗೆ ವರ್ಗ ಆಗಿದೆ ಕಣಮ್ಮ, ಅವಳೇನು ನೆಂಟರ ಮನೆಗೆ ಹೋಗಿದ್ದಾಳಾ?" ಅಂದರು. ನಾವಿಬ್ಬರೂ ನಾಲಗೆ ಮೇಲೆ ಉಪ್ಪಿಟ್ಟುಕೊಂಡು ಮಾಡಿದ ಆಣೆ ಅವರಿಗೇನು ಗೊತ್ತು? ಅಕ್ರಾಕ್ಕೆ ಹೋದರೆ ಇಬ್ಬರೂ ಒಟ್ಟಿಗೆ, ಇಲ್ಲದಿದ್ದರೆ ಯಾರೂ ಇಲ್ಲ. ಮಾರ್ಚ್ ಇಪ್ಪತ್ತೊಂದರವರೆಗೆ ಗಡುವಿದೆ. ಅಷ್ಟರೊಳಗೆ ನಿಮ್ಮಪ್ಪ ಒಬ್ಬ ಕೈದಿಯನ್ನು ಓಡಿಹೋಗಲು ಬಿಟ್ಟು, ಶಿಕ್ಷೆಯಾಗಿ ಇಲ್ಲಿಗೇ ವಾಪಸು ವರ್ಗವಾಗಲಿ ಎಂದು ಹರಸುತ್ತೇನೆ.

ನಿನ್ನ ಮಂಚದಲ್ಲಿ ತಿಗಣೆ ಇದೆ ಎಂದು ಸುದ್ದಿ ಹಬ್ಬಿಸಿದ್ದೇನೆ. ಯಾರೂ ನಂಬಲಿಲ್ಲ, ಅದಕ್ಕೆ ಎರಡು ತಂದು ಬಿಟ್ಟಿದ್ದೇನೆ. ಜಾಗ ಖಾಲಿಯಿದೆ.

ನಿನ್ನ ಒಡತಿ,
ಲಮಿಸಿ


ಸೆಕೊಂಡಿ
23 ಜನವರಿ 1997

ಎಲೇ ಅಡಿಯಾಳೇ, ನಾಯಿತಲೆಯ ಮಾಂಸಕ್ಕೆ ಆಸೆಪಡುವ ಫ್ರಾಫ್ರಾ ಹುಡುಗಿಯೇ,

ನಿನ್ನ ಪತ್ರ ಓದಿ ಎಷ್ಟು ನೆಮ್ಮದಿಯಾಯಿತು ಗೊತ್ತಾ? ಇಲ್ಲಿ ನನ್ನನ್ನು ಬೈಯುವವರೇ ಇಲ್ಲ. ನನ್ನಜ್ಜ ಸತ್ತಾಗ ನಿಮ್ಮಪ್ಪ ಬಂದು, ತೋಡಿದ ಗುಂಡಿಯೊಳಗೆ ತಾನೇ ಮಲಗಿ, "ಈ ದಗಾಬಾ ಮುದುಕನಿಗೆ ಇಷ್ಟು ಒಳ್ಳೆ ಗುಂಡಿ ದಂಡ ಕಣ್ರಪ್ಪ, ಒಂದು ಗಿನಿಕೋಳಿ ಕೊಡೋವರೆಗೂ ನಾನೇಳಲ್ಲ" ಅಂದಿದ್ದು ನೆನಪಿದೆಯಾ? ಅಮ್ಮ ಅಳು ಬಿಟ್ಟು ನಕ್ಕಿದ್ದಳು. ಫ್ರಾಫ್ರಾ ಬೈದರೆ ದಗಾಬಾ ನಗಬೇಕು, ದಗಾಬಾ ಬೈದರೆ ಫ್ರಾಫ್ರಾ ನಗಬೇಕು, ಸಿಟ್ಟಾದವರು ದಂಡ ತೆರಬೇಕು. ಇಲ್ಲಿಯ ಫಾಂಟೆ ಜನಕ್ಕೆ ಈ ಕಾನೂನೇ ಇಲ್ಲ. ಮೊದಲ ದಿನ ಒಬ್ಬಳಿಗೆ ಪ್ರೀತಿಯಿಂದ "ನಿನ್ನ ತಲೆ ನಾಯಿಗೆ ಹಾಕ" ಅಂದೆ. ವಾರ್ಡನ್ ಹತ್ತಿರ ದೂರು ಹೋಯಿತು. ಮೂರು ದಿನ ಬಚ್ಚಲು ತೊಳೆದೆ.

ಆ ತಲೆಯ ಒಡತಿಯೇ ಈಗ ನನ್ನ ಗೆಳತಿ. ಹೆಸರು ಅರಬಾ. ನನ್ನ ಮೇಲಿನ ಮಂಚ. ಅವಳ ಅತ್ತೆ ಮೀನಿಗೆ ಹೊಗೆ ಹಾಕಿ ಮಾರುತ್ತಾರೆ. ಶನಿವಾರ ಅವರ ಮನೆಯಲ್ಲಿ ಕೆಂಕೆ ಕಡುಬು, ಕರಿದ ಮೀನು, ಕಣ್ಣಲ್ಲಿ ನೀರು ಬರುವ ಮೆಣಸಿನ ಚಟ್ನಿ. ನಾನು ದಪ್ಪಗಾಗಿದ್ದೇನೆ. ಅರಬಾ ನಗುವುದು ಕಡಿಮೆ, ಆದರೆ ಕೈ ಬಲು ಚುರುಕು. ನಮ್ಮ ಮಣಿಯ ಕಥೆ ಹೇಳಿದೆ. ತಾನೇ ಒಂದು ಮಾಡಿಕೊಂಡು ಬಂದಳು. ನಿಜ ಹೇಳುತ್ತೇನೆ, ನಮ್ಮದಕ್ಕಿಂತ ದುಂಡಗಿದೆ.

ಮಾರ್ಚ್ ಎಂಟಕ್ಕೆ ಇಲ್ಲಿ ಶಾಲೆಯೊಳಗಿನ ಆಯ್ಕೆ. ಗೆದ್ದ ಜೋಡಿ ಅಕ್ರಾಕ್ಕೆ. ಅರಬಾ "ಹೆಸರು ಕೊಡೋಣ" ಅಂದಳು, ಕೊಟ್ಟೆವು. ನಿನಗೆ ಬೇಜಾರಿಲ್ಲ ಅಲ್ಲವಾ? ಆಣೆ ಮಾಡುವಾಗ ಅಪ್ಪನ ವರ್ಗ ನಮಗೆ ಗೊತ್ತಿರಲಿಲ್ಲವಲ್ಲ.

ಆದರೆ ಒಂದು ತೊಂದರೆ. ಮಣಿ ಓಡುತ್ತಲೇ ಇಲ್ಲ. ಮುಚ್ಚಳ, ಮೇಣ, ಪೈಪು, ಎಲ್ಲ ಅಲ್ಲಿದ್ದ ಹಾಗೇ. ತೋಳು ಬಿದ್ದುಹೋಗುವಷ್ಟು ತಿಕ್ಕಿದರೂ ಸತ್ತ ನೊಣದ ಹಾಗೆ ನೇತಾಡುತ್ತದೆ. ಅಲ್ಲಿ ನಾವು ಏನು ಮಾಡುತ್ತಿದ್ದೆವು, ಇಲ್ಲಿ ನಾನೇನು ಮರೆತಿದ್ದೇನೆ? ಬೇಗ ಬರಿ.

ಇನ್ನೊಂದು. ಒಂದೇ ವಿದ್ಯುತ್ ಕ್ಷೇತ್ರ ಧನ ವಿದ್ಯುದಂಶವನ್ನು ಒಂದು ಕಡೆಗೂ ಋಣ ವಿದ್ಯುದಂಶವನ್ನು ಅದರ ಎದುರು ಕಡೆಗೂ ಹೇಗೆ ತಳ್ಳುತ್ತದೆ ಎಂದು ತೀರ್ಪುಗಾರರು ಕೇಳೇ ಕೇಳುತ್ತಾರಂತೆ. ಕ್ಷೇತ್ರ ಅಂದರೆ ಕಡಲ ಗಾಳಿ, ವಿದ್ಯುದಂಶ ಅಂದರೆ ದೋಣಿ ಅಂತ ಅರಬಾ ವಿವರಿಸುತ್ತಾಳೆ. ಚೆನ್ನಾಗಿದೆ ಅಲ್ಲವಾ?

ನಿನ್ನ ನಿಜವಾದ ಒಡತಿ,
ಆಯುವೊ


ಬೋಲ್ಗಾತಂಗಾ
3 ಫೆಬ್ರವರಿ 1997

ಕಡಲತೀರದ ಮಹಾರಾಣಿಯೂ, ಕೆಂಕೆ ಕಡುಬಿನಿಂದ ಉಬ್ಬಿದ ಕೆನ್ನೆಯವಳೂ, ಉಪ್ಪಿನ ಆಣೆಯನ್ನು ಮೀನಿನ ಜೊತೆ ನಂಚಿಕೊಂಡು ತಿಂದವಳೂ ಆದ ಆಯುವೊ ಅವರಿಗೆ,

ತಮ್ಮ ಪತ್ರವನ್ನು ಎದ್ದು ನಿಂತು, ಕೈ ತೊಳೆದು, ಮೂಗು ಮುಚ್ಚಿಕೊಂಡು ಓದಲಾಯಿತು.

ಮೊದಲು ಆ ದೋಣಿಯ ವಿಷಯ. ಗಾಳಿ ಬೀಸಿದರೆ ಎಲ್ಲ ದೋಣಿಗಳೂ ಒಂದೇ ಕಡೆ ಹೋಗುತ್ತವೆ ಕಣೇ! ಎದುರು ದಿಕ್ಕಿಗೆ ಹೋಗುವ ದೋಣಿ ಯಾವುದು, ಅದರಲ್ಲಿ ಕೂತಿರುವವರು ಯಾರು? ತಮ್ಮ ದುಂಡು ಮಣಿಯ ಪಂಡಿತೆಯನ್ನು ದಯವಿಟ್ಟು ಕೇಳಿ. ಕ್ಷೇತ್ರ ಎಂದರೆ ನಮ್ಮ ಹಾಸ್ಟೆಲಿನಲ್ಲಿ ಹಿರಿಯ ಲೀಡರ್ ಬಂದು ಬಾಗಿಲಲ್ಲಿ ನಿಲ್ಲುವುದು. ಅವಳು ನಿಂತಲ್ಲೇ ನಿಂತಿರುತ್ತಾಳೆ. ನೆಲ ಗುಡಿಸಿದವರು ಹೊಗಳಿಸಿಕೊಳ್ಳಲು ಅವಳ ಕಡೆ ಓಡುತ್ತಾರೆ, ಕಡಲೆಕಾಯಿ ಕದ್ದವರು ಹಿತ್ತಿಲ ಕಡೆ ಓಡುತ್ತಾರೆ. ಹೆಚ್ಚು ಕದ್ದವರಿಗೆ ಹೆಚ್ಚು ಓಟ. ಗುಡಿಸದೆ, ಕದಿಯದೆ ಇರುವವರು ಕೂತಲ್ಲೇ ಕೂತಿರುತ್ತಾರೆ. ಕೋಣೆಯಲ್ಲಿ ಯಾರೂ ಇಲ್ಲದಾಗಲೂ ಅವಳು ಬಾಗಿಲಲ್ಲಿದ್ದರೆ ಕ್ಷೇತ್ರ ಇದ್ದೇ ಇದೆ. ಇದನ್ನು ನಾವಿಬ್ಬರೇ ಕೂತು ಕಟ್ಟಿದ್ದು. ನೀನು ಮರೆತೆ. ಮೀನಿನ ಮುಳ್ಳು ತಲೆಗೇರಿರಬೇಕು.

ಇನ್ನು ಮಣಿ. ಅದು ಓಡದಿರುವುದಕ್ಕೆ ಕಾರಣ ಸರಳ: ಅದಕ್ಕೆ ನಾನು ಬೇಕು. ನಿನಗಿಂತ ಅದಕ್ಕೆ ಹೆಚ್ಚು ನಿಯತ್ತಿದೆ. ನೀನಾದರೋ ಯಾವ ಮುಚ್ಚಳ ಮುಟ್ಟಿದರೆ ಅದರ ಗುಣ ಹೊತ್ತುಕೊಂಡು ಇನ್ನೊಂದಕ್ಕೆ ಹಾರುವವಳು.

ಆದರೂ ಪರಿಹಾರ ಹೇಳುತ್ತೇನೆ, ಬರೆದುಕೋ. ಎರಡೂ ಮುಚ್ಚಳ, ದಾರ, ಮೇಣ, ಪೈಪು ಎಲ್ಲವನ್ನೂ ಬೆಳಿಗ್ಗೆ ಸಂಜೆ ಸಮುದ್ರದ ನೀರಿನಲ್ಲಿ ತೊಳೆಯಬೇಕು. ಒರೆಸಬಾರದು. ಹಸಿ ಬಾಳೆಲೆಯಲ್ಲಿ ಸುತ್ತಿಡಬೇಕು. ತೊಳೆಯುವ ಕೆಲಸವನ್ನು ಅರಬಾ ಎಂಬವಳೇ, ಬಗ್ಗಿ, ಸೊಂಟ ನೋಯುವಂತೆ ಮಾಡಬೇಕು.

ನಾನು ನಿಜವಾಗಿ ಸಿಟ್ಟಾಗಿದ್ದೇನೆ ಆಯುವೊ. ತಮಾಷೆಗಲ್ಲ. ನೀನು ಹೆಸರು ಕೊಡುವ ಮೊದಲು ಒಂದು ಮಾತು ಕೇಳಬಹುದಿತ್ತು.

ಲಮಿಸಿ


ಸೆಕೊಂಡಿ
14 ಫೆಬ್ರವರಿ 1997

ಲೇ ಲಮಿಸಿ, ದರಿದ್ರದ ಫ್ರಾಫ್ರಾ!

ನಕ್ಕೂ ನಕ್ಕೂ ಪಕ್ಕೆ ಹಿಡಿದುಕೊಂಡಿತು! ಮಂಚದ ಮೇಲೆ ನಿಂತು ಎಲ್ಲರಿಗೂ ಓದಿ ಹೇಳಿದೆ. "ನಾನು ನಿಜವಾಗಿ ಸಿಟ್ಟಾಗಿದ್ದೇನೆ" ಅನ್ನುವಲ್ಲಿ ನಿನ್ನ ಧ್ವನಿಯನ್ನೇ ತೆಗೆದು ಓದಿದೆ. ಅತ್ತ ಹಾಗೆ, ಮೂಗೆಳೆದುಕೊಂಡು. ನಿಮ್ಮಪ್ಪ ಗುಂಡಿಯಲ್ಲಿ ಮಲಗಿದ್ದಕ್ಕಿಂತ ಚೆನ್ನಾಗಿತ್ತು. ಇಷ್ಟು ಒಳ್ಳೆಯ ಬೈಗುಳ ಬಂದು ಎಷ್ಟು ದಿನವಾಗಿತ್ತು!

ಸಮುದ್ರದ ನೀರಿನಲ್ಲಿ ತೊಳೆದೆವು. ಬೆಳಿಗ್ಗೆ ಸಂಜೆ, ಒಂದೂ ತಪ್ಪಿಸದೆ. ಇನ್ನೂ ಹಾಳಾಯಿತು. ಮೊದಲು ಕೂದಲೆಳೆಯಷ್ಟಾದರೂ ಅಲುಗುತ್ತಿತ್ತು, ಈಗ ಅದೂ ಇಲ್ಲ. ಇನ್ನೇನಾದರೂ ಮಂತ್ರ ಬಿಟ್ಟುಹೋಗಿದೆಯಾ? ಮೂರು ವಾರ ಉಳಿದಿದೆ.

ಅರಬಾ ಮಾತ್ರ ನಗಲಿಲ್ಲ. ಪತ್ರ ಕಿತ್ತುಕೊಂಡು ಎರಡು ಸಲ ಓದಿದಳು. "ಇವಳು ತಮಾಷೆ ಮಾಡ್ತಿಲ್ಲ ಕಣೇ" ಅಂದಳು. "ನಿಂಗೆ ಗೊತ್ತಾಗಲ್ಲ, ಅವಳು ಫ್ರಾಫ್ರಾ, ನಾನು ದಗಾಬಾ" ಅಂದೆ. "ಅದಕ್ಕೇ ನಿಂಗೆ ಗೊತ್ತಾಗ್ತಿಲ್ಲ" ಅಂದಳು. ಕೆಳಗೆ ತಾನೂ ಬರೆಯುತ್ತಾಳಂತೆ. ಬೇಜಾರು ಮಾಡಿಕೊಳ್ಳಬೇಡ, ಅವಳ ಮಾತೇ ಹಾಗೆ.

ಆಯುವೊ

ಲಮಿಸಿಗೆ,
ನಾನು ಫಾಂಟೆ. ನಿಮ್ಮ ಬೈದು ನಗುವ ಕಾನೂನು ನನಗಿಲ್ಲ. ನೀನು ಹೊಟ್ಟೆಕಿಚ್ಚಿನವಳು. ಉಪ್ಪುನೀರಿನಲ್ಲಿ ತೊಳೆದದ್ದು ಎಂದಿಗೂ ಸರಿಯಾಗಿ ಒಣಗುವುದಿಲ್ಲ, ಇದು ಮೀನು ಮಾರುವ ಮನೆಯವಳಾದ ನನಗೆ ಗೊತ್ತಿರಬೇಕಿತ್ತು. ಆಯುವೊ ನಿನ್ನನ್ನು ನಂಬಿದಳು, ನಾನು ಆಯುವೊಳನ್ನು ನಂಬಿದೆ. ತಪ್ಪಾಯಿತು.

ದೋಣಿಯ ವಿಷಯದಲ್ಲಿ ನೀನು ಹೇಳಿದ್ದು ಸರಿ. ಯೋಚಿಸಿದೆ. ಮೀನಿನ ಬಲೆಯ ಮೇಲಂಚಿಗೆ ಬೆಂಡು ಕಟ್ಟುತ್ತೇವೆ, ಕೆಳಗಂಚಿಗೆ ಸೀಸದ ಗುಂಡು. ಒಂದೇ ಸಮುದ್ರಕ್ಕೆ ಬಿಟ್ಟರೆ ಬೆಂಡು ಮೇಲೆ ಹೋಗುತ್ತದೆ, ಸೀಸ ಕೆಳಗೆ. ಸಮುದ್ರ ಎರಡು ಮನಸ್ಸು ಮಾಡಿದ್ದಲ್ಲ, ಅವೆರಡರ ಸ್ವಭಾವ ಬೇರೆ. ನಿನ್ನ ಲೀಡರಿಗಿಂತ ಇದು ಮೇಲು ಎಂದು ನನ್ನ ಎಣಿಕೆ.

ಮಣಿ ಇಲ್ಲಿ ಯಾಕೆ ಓಡುವುದಿಲ್ಲ ಎಂದು ನಿನಗೆ ಗೊತ್ತಿದ್ದರೆ ಹೇಳು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಹೇಳು.
ಅರಬಾ


ಬೋಲ್ಗಾತಂಗಾ
24 ಫೆಬ್ರವರಿ 1997

ಆಯುವೊ,

ಗೊತ್ತಿಲ್ಲವಂತೆ. ನನಗೆ.

ನಿನ್ನ ಆ ಗೆಳತಿಗೆ ಓದಿ ಹೇಳು. ಮಂಚದ ಮೇಲೆ ನಿಂತೇ ಓದು. ಇಲ್ಲಿಯ ಗಾಳಿಯಲ್ಲಿ ನೀರಿಲ್ಲ, ಅಲ್ಲಿಯ ಗಾಳಿಯ ತುಂಬ ನೀರು. ಅದು ದಾರದ ಮೇಲೆ, ಪೈಪಿನ ಮೇಲೆ, ಮೇಣದ ಮೇಲೆ ಕಣ್ಣಿಗೆ ಕಾಣದ ಪದರವಾಗಿ ಕೂರುತ್ತದೆ. ನೀವು ತಿಕ್ಕಿ ಕೂಡಿಟ್ಟ ವಿದ್ಯುದಂಶವೆಲ್ಲ ಆ ಪದರದ ಮೇಲೆ ಹರಿದು ನೆಲಕ್ಕಿಳಿದುಹೋಗುತ್ತದೆ. ವಿದ್ಯುದಂಶ ನಿಲ್ಲದಿದ್ದರೆ ಕ್ಷೇತ್ರವಿಲ್ಲ. ಕ್ಷೇತ್ರವಿಲ್ಲದಿದ್ದರೆ ಮಣಿಯನ್ನು ತಳ್ಳುವವರಿಲ್ಲ. ಉಪ್ಪು ಸೇರಿದರೆ ಇನ್ನೂ ಬೇಗ ಸೋರುತ್ತದೆ. ಹೊಸ ದಾರ ಹಾಕಿ. ಎಲ್ಲವನ್ನೂ ಸಿಹಿನೀರಿನಲ್ಲಿ ತೊಳೆದು, ಒರೆಸಿ, ಬೆಂಕಿಯ ಪಕ್ಕ ಇಟ್ಟು ಬೆಚ್ಚಗೆ ಮಾಡಿ. ಬೆಚ್ಚಗಿರುವಾಗಲೇ ತೋರಿಸಿ.

ನಿನ್ನ ಮೊದಲ ಪತ್ರ ಓದಿದ ದಿನವೇ ನನಗಿದು ಗೊತ್ತಿತ್ತು.

ಬೆಂಡು ಮತ್ತು ಸೀಸದ ಮಾತು ಚೆನ್ನಾಗಿದೆ ಎಂದು ಮೇಷ್ಟ್ರು ಹೇಳಿದರು. ನಾನು ಹೇಳಿಲ್ಲ.

ನೀನು ನನ್ನ ಅಳುವಿನ ಧ್ವನಿ ತೆಗೆದೆಯಲ್ಲ, ಅದು ಸರಿಯಾಗಿಯೇ ಬಂದಿರಬೇಕು. ಆ ಸಾಲು ಬರೆಯುವಾಗ ಅಳುತ್ತಿದ್ದೆ. ಇನ್ನು ಬರೆಯಬೇಡ.

ಲಮಿಸಿ


ಸೆಕೊಂಡಿ
9 ಮಾರ್ಚ್ 1997

ಲಮಿಸಿ,

ಬರೆಯಬೇಡ ಅಂದಿದ್ದೀಯ. ಬರೆಯುತ್ತಿದ್ದೇನೆ.

ನೀನು ಹೇಳಿದ ಹಾಗೆ ಎಲ್ಲವನ್ನೂ ಅರಬಾಳ ಅತ್ತೆಯ ಹೊಗೆ ಒಲೆಯ ಪಕ್ಕ ಇಟ್ಟೆವು. ಬೆಚ್ಚಗೆ ಮಾಡಿ ಅಂದೆ, ಮೇಣ ಕರಗುತ್ತದೆ ಅನ್ನುವುದನ್ನು ನೀನೂ ಯೋಚಿಸಿರಲಿಲ್ಲ, ನಾವೂ ಯೋಚಿಸಲಿಲ್ಲ. ಮುಚ್ಚಳಗಳು ಮಲಗಿಬಿಟ್ಟವು. ಅರಬಾ ಎರಡು ಪ್ಲಾಸ್ಟಿಕ್ ಬಾಚಣಿಗೆಗೆ ಸಿಕ್ಕಿಸಿ ನಿಲ್ಲಿಸಿದಳು. ಪೈಪು ತಿಕ್ಕಿ ಸವರಿದೆ. ಟಿಂಗ್ ಅಂತು ಲಮಿಸಿ! ಟಿಂಗ್, ಟಿಂಗ್! ಮೀನಿನ ಹೆಂಗಸರೆಲ್ಲ ಬುಟ್ಟಿ ಬಿಟ್ಟು ಓಡಿಬಂದರು. ಅತ್ತೆ, "ಇದರೊಳಗೆ ಯಾರಿದ್ದಾರೆ, ಮೊದಲು ಹೊರಗೆ ಕರೀರಿ" ಅಂದರು. ನಾನು ತಿರುಗಿ ನಿನಗೆ ಏನೋ ಹೇಳಲು ಹೋದೆ. ಪಕ್ಕದಲ್ಲಿ ಅರಬಾ ಇದ್ದಳು.

ನಿನ್ನೆ ಆಯ್ಕೆ. ಎಲ್ಲವನ್ನೂ ಬಿಸಿ ಬಟ್ಟೆಯಲ್ಲಿ ಸುತ್ತಿ, ಒಲೆಯಿಂದ ಶಾಲೆಯವರೆಗೆ ಓಡಿದೆವು. ಮೈಯೆಲ್ಲ ಹೊಗೆಮೀನಿನ ವಾಸನೆ. ಸಭಾಂಗಣದ ತುಂಬ ಬೆವರುವ ಜನ, ಕಿಟಕಿಯಿಂದ ಕಡಲ ಗಾಳಿ. ತೀರ್ಪುಗಾರರು ಮೂರು ಮೇಜು ಆಚೆ ಇದ್ದಾಗ ಮಣಿ ಓಡುತ್ತಿತ್ತು. ಪಕ್ಕದ ಮೇಜಿಗೆ ಬಂದಾಗ ನಿಧಾನವಾಯಿತು. ನಮ್ಮ ಮುಂದೆ ಬಂದು ಕನ್ನಡಕ ಸರಿಮಾಡಿಕೊಂಡಾಗ ನಿಂತೇಹೋಯಿತು. "ಇದು ಏನು ಮಾಡುತ್ತೆ?" ಅಂದರು. "ಬೋಲ್ಗಾತಂಗಾದಲ್ಲಿ ಓಡುತ್ತೆ ಸಾರ್" ಅಂದೆ. ಎಲ್ಲರೂ ನಕ್ಕರು. ಬೆಂಡು-ಸೀಸದ ವಿವರಣೆಗೆ ತಲೆಯಾಡಿಸಿದರು, ಆದರೆ ನೀರೆತ್ತುವ ಪಂಪು ಮಾಡಿದ ಜೋಡಿಯನ್ನು ಆರಿಸಿದರು. ನಾವು ಅಕ್ರಾಕ್ಕೆ ಹೋಗುತ್ತಿಲ್ಲ.

ಆಗ ಗೊತ್ತಾಯಿತು, ನಾವು ನಿಜ ಹೇಳುವಾಗ ಜನ ನಕ್ಕರೆ ಹೇಗಿರುತ್ತದೆ ಎಂದು.

ನಾನು ನಗಬಾರದಿತ್ತು. ನೀನು ಏನು ಬರೆದರೂ ನಗುವುದು ಅಭ್ಯಾಸವಾಗಿಹೋಗಿದೆ, ನಕ್ಕರೆ ನೀನು ಪಕ್ಕದಲ್ಲೇ ಇರುವ ಹಾಗೆ ಅನ್ನಿಸುತ್ತದೆ. ನಮ್ಮ ಕಾನೂನಿನಲ್ಲಿ ನಿನಗೆ ಸಿಟ್ಟಾಗಲು ಜಾಗವೇ ಇಲ್ಲ ಎಂದು ನನಗೆ ಹೊಳೆದೇ ಇರಲಿಲ್ಲ. ಹೊರಗಿನವಳೊಬ್ಬಳು ಹೇಳಬೇಕಾಯಿತು. ಮೇಜಿನ ಮೇಲಿಟ್ಟ ಚೀಟಿಯಲ್ಲಿ ಮೊದಲ ಹೆಸರು ನಿನ್ನದೇ ಇತ್ತು: ಲಮಿಸಿ, ಆಯುವೊ, ಅರಬಾ. ಹಾಗೆ ಬರೆದವಳು ಅರಬಾ.

ಈಗ ನನ್ನ ಮಾತು ಕೇಳು. ಇಪ್ಪತ್ತೊಂದರೊಳಗೆ ನೀನು ಹೆಸರು ಕೊಡು. ಯಾರ ಜೊತೆಯಾದರೂ ಕೊಡು. ಆಣೆ ಮುರಿದವಳು ನಾನು, ಅದು ನಿನ್ನನ್ನು ಕಟ್ಟಿಹಾಕಬಾರದು. ಅತ್ತೆಯ ಮೀನಿನ ಲಾರಿ ಅಕ್ರಾ ಸಂತೆಗೆ ಹೋಗುತ್ತದೆ, ನಾವಿಬ್ಬರೂ ಅದರಲ್ಲಿ ಬರುತ್ತೇವೆ. ನಿನ್ನ ಮೇಜಿನ ಮುಂದೆ ನಿಂತು ಪೈಪು ತಿಕ್ಕಿಕೊಡುತ್ತೇನೆ. ನಾತ ಬಂದರೆ ಮೂಗು ಮುಚ್ಚಿಕೋ.

ದುಂಡು ಮಣಿ ಈ ಲಕೋಟೆಯೊಳಗಿದೆ. ನೀನೇ ಓಡಿಸು.

ಆಯುವೊ


ಬೋಲ್ಗಾತಂಗಾ
20 ಮಾರ್ಚ್ 1997

ಸ್ವಸ್ತಿ! ಸ್ವಸ್ತಿ! ಮತ್ತೊಮ್ಮೆ ಸ್ವಸ್ತಿ! ಸೆಕೊಂಡಿ ಸಭಾಂಗಣ ವಿಜೇತೆಯೂ, ಅಕ್ರಾ ದಿಗ್ವಿಜಯಕ್ಕೆ ಹೊರಟು ನಿಂತವಳೂ, ಪದಕಧಾರಿಣಿಯೂ ಆದ ಆಯುವೊ ಮಹಾದೇವಿಯವರಿಗೂ ಅವರ ದುಂಡು ಮಣಿಯ ಪ್ರಧಾನ ಮಂತ್ರಿಣಿ ಅರಬಾ ಅವರಿಗೂ,

ತಮ್ಮ ಪತ್ರ ತಲುಪಿತು. ಸಕಲ ವಿಷಯಗಳನ್ನೂ ಅಳೆದು ತೂಗಿ, ಫ್ರಾಫ್ರಾ ಹಿರಿಯರನ್ನು ಮನಸ್ಸಿನಲ್ಲೇ ಸಭೆ ಸೇರಿಸಿ, ಈ ಕೆಳಗಿನ ತೀರ್ಪು ಕೊಟ್ಟಿದ್ದೇನೆ.

ನೀವು ಗೆದ್ದದ್ದು ನನಗೆ ಸಂತೋಷ. ಗೆಲ್ಲದೆ ಏನು? ಉಪಾಯ ಕೊಟ್ಟವಳು ನಾನು. ಆ ಮಣಿ ತೀರ್ಪುಗಾರರ ಮುಂದೆ ನಿಲ್ಲದೆ ಓಡಿದ್ದನ್ನು ಕಣ್ಣಾರೆ ಕಂಡಷ್ಟೇ ಸ್ಪಷ್ಟವಾಗಿ ಕಾಣುತ್ತಿದ್ದೇನೆ. ಎಲ್ಲರೂ ಚಪ್ಪಾಳೆ ತಟ್ಟಿದ್ದು, ನೀನು ಅವಳ ಹೆಗಲ ಮೇಲೆ ಕೈ ಹಾಕಿದ್ದು, ಅವಳು ಒಮ್ಮೆಯಾದರೂ ನಕ್ಕಿದ್ದು, ಎಲ್ಲವೂ. ನಿನ್ನೆ ತೂಕಡಿಸುತ್ತಿದ್ದಾಗಲೂ ಕಂಡಿತು. ಆ ಕೈ ಹೆಗಲಿನಿಂದ ಇಳಿಯಲೇ ಇಲ್ಲ.

ಉಪ್ಪಿನ ಆಣೆಯಿಂದ ನಿನ್ನನ್ನು ಬಿಡುಗಡೆ ಮಾಡಿದ್ದೇನೆ. ಅಕ್ರಾದಲ್ಲಿ ಯಾರ ಜೊತೆ ಬೇಕಾದರೂ ನಿಲ್ಲು. ಅರಬಾಳ ಬೆಂಡು-ಸೀಸದ ಮಾತನ್ನೇ ಹೇಳು, ನಮ್ಮ ಲೀಡರನ್ನು ಎಳೆದು ತರಬೇಡ, ಅವಳು ಇಲ್ಲಿಯವಳು. ಅರಬಾಳಿಗೆ ಒಂದು ಮಾತು: ಅವಳು ನನ್ನನ್ನು ಹೊಟ್ಟೆಕಿಚ್ಚಿನವಳು ಎಂದಳಲ್ಲ, ಅದನ್ನು ಕ್ಷಮಿಸಿದ್ದೇನೆ. ಈ ವರ್ಷ ನನ್ನ ಮಾತನ್ನು ನಂಬಿದವಳು ಅವಳೊಬ್ಬಳೇ.

ನನ್ನ ವಿಷಯ. ಮೇಷ್ಟ್ರು ನಿನ್ನೆಯೂ ಬಂದು, "ತಲಾಟಾ ಜೊತೆ ಹೆಸರು ಕೊಡಮ್ಮ, ಆ ಹುಡುಗಿ ದಿನಾ ಕೇಳ್ತಾಳೆ, ನಾಳಿದ್ದು ಕೊನೇ ದಿನ" ಅಂದರು. ಕೊಡುವುದಿಲ್ಲ. ಒಂದೇ ಅಂಗಳದಲ್ಲಿ ಒಂದು ಮೇಜಿನ ಹಿಂದೆ ನಾನು, ಎದುರು ಮೇಜಿನ ಹಿಂದೆ ನೀವಿಬ್ಬರು! ಬೇಡ. ನಾಳೆ ಸಂಜೆ ಗಡುವು ಮುಗಿದ ಮೇಲೆ ಮುಚ್ಚಳಗಳನ್ನು ಅಡುಗೆಮನೆಗೆ ದಾನ ಕೊಡುತ್ತೇನೆ. ಇದು ನನ್ನ ಕೊನೆಯ ತೀರ್ಪು, ಮೇಲ್ಮನವಿ ಇಲ್ಲ.

ಪದಕವನ್ನು ಲಕೋಟೆಯಲ್ಲಿ ಹಾಕಿ ಕಳಿಸುವ ಅಗತ್ಯವಿರಲಿಲ್ಲ. ಹೊಟ್ಟೆ ಉರಿಸುವುದಕ್ಕೂ ಒಂದು ಮಿತಿ ಇರಬೇಕು. ವಾಪಸು ಕಳಿಸುತ್ತೇನೆ.

ಇಂತು, ಸರ್ವಸ್ವವನ್ನೂ ತ್ಯಜಿಸಿದ, ಯಾವುದಕ್ಕೂ ಅಂಜದ,
ಲಮಿಸಿ

ಇನ್ನೊಂದು ಸಣ್ಣ ವಿಷಯ. ನಿನ್ನ ಪತ್ರವನ್ನು ನಾನಿನ್ನೂ ಒಡೆದಿಲ್ಲ ಕಣೇ. ಬೆಳಿಗ್ಗೆಯಿಂದ ಮಡಿಲಲ್ಲೇ ಇದೆ. ನಡುವೆ ಏನೋ ದುಂಡಗೆ ಉಬ್ಬಿದೆ. ಒಡೆಯೋಣ ಅನ್ನಿಸುತ್ತದೆ, ಆದರೆ ನೀನು ಮತ್ತೆ ನಕ್ಕಿದ್ದರೆ?